ಕೆಜಿ ಲೆಕ್ಕದ ಕಂಪ್ಯೂಟರ್

ನನ್ನ ಸೋದರಮಾವ ತಕ್ಕಡಿ ರಿಪೇರಿ ಮಾಡುವವರು. ಪೇಟೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ತರಕಾರಿಯವರಿಗೆ, ಹಳೇ ಪೇಪರಿನವರಿಗೆ, ಮೊಳೆ ಮತ್ತು ಸರಳು ಮಾರುವವರಿಗೆ, ಎಲ್ಲರಿಗೂ ಅವರು 'ತೂಕದವರು'. ಮನೆಯ ಮುಂದಿನ ಕೋಣೆಯೇ ಅವರ ಕೆಲಸದ ಜಾಗ. ಸೂರಿನಿಂದ ಸರಪಳಿ ಕಟ್ಟಿದ ತಟ್ಟೆಗಳು ಇಳಿಬಿದ್ದಿರುತ್ತವೆ. ಗೋಡೆಯುದ್ದಕ್ಕೂ ತೂಕದ ಕಬ್ಬಿಣದ ಬೊಟ್ಟುಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ, ಗ್ರೂಪ್ ಫೋಟೋಗೆ ನಿಂತ ಹಾಗೆ ನಿಂತಿರುತ್ತವೆ. ಈಚೆಗೆ ಬಂದ ಬ್ಯಾಟರಿ ತಕ್ಕಡಿಗಳ ರಿಪೇರಿಯನ್ನೂ ಮಾವ ಕಲಿತಿದ್ದಾರೆ. ಆದರೆ ಅವನ್ನು ಬಿಚ್ಚುವಾಗ ಅವರ ಮುಖ ನೋಡಬೇಕು, ಬೇರೆಯವರ ಮಗುವಿನ ಮೂಗು ಒರೆಸುವವರ ಹಾಗಿರುತ್ತದೆ.

ಭಾರವಾದ ವಸ್ತುವಿನಲ್ಲಿ ಮೋಸವಿರುವುದಿಲ್ಲ ಎಂಬುದು ಮಾವನ ನಂಬಿಕೆ. ಚಪ್ಪಲಿ ಕೊಳ್ಳುವಾಗಲೂ ಕೈಯಲ್ಲಿ ತೂಗಿ ನೋಡುತ್ತಾರೆ, ಕಾಲಿಗೆ ಹಾಕಿ ನೋಡುವುದು ಆಮೇಲೆ. ಎರಡು ದಿನಪತ್ರಿಕೆಗಳಿದ್ದರೆ ಹೆಚ್ಚು ತೂಗುವುದನ್ನು ತರುತ್ತಾರೆ. ಸಣ್ಣ ಮಾತ್ರೆ ಬರೆದುಕೊಟ್ಟರೆಂಬ ಒಂದೇ ಕಾರಣಕ್ಕೆ ಒಬ್ಬ ಡಾಕ್ಟರನ್ನು ಬಿಟ್ಟು ಇನ್ನೊಬ್ಬರ ಹತ್ತಿರ ಹೋದವರು ಅವರು.

ಅತ್ತೆಯನ್ನು ಅವರು ಮೊದಲು ನೋಡಿದ್ದು ಅತ್ತೆಯ ಅಪ್ಪನ ಹಿಟ್ಟಿನ ಗಿರಣಿಯಲ್ಲಿ. ತಕ್ಕಡಿ ನೋಡಲು ಹೋಗಿದ್ದಾಗ, ಗಿರಣಿಯ ಹುಡುಗಿಯೊಬ್ಬಳು ಇಪ್ಪತ್ತು ಕೆಜಿಯ ಬೊಟ್ಟನ್ನು ಒಂದು ಕೈಯಲ್ಲಿ ಎತ್ತಿ, ಅದರ ಅಡಿಯ ಕಸ ಗುಡಿಸಿ, ಮತ್ತೆ ಸದ್ದಾಗದಂತೆ ಇಟ್ಟಳಂತೆ. ಮಾವ ಅವತ್ತೇ ಅವರ ಅಪ್ಪನ ಹತ್ತಿರ ಮಾತಾಡಿದರು.

"ನಾನು ಕಸ ನೋಡ್ತಿದ್ದೆ, ಇವರು ಬೊಟ್ಟು ನೋಡ್ತಿದ್ರು," ಅನ್ನುತ್ತಾರೆ ಅತ್ತೆ. "ಅವತ್ತು ಅಪ್ಪನ್ನ ಕೇಳಿದ್ದು ನನ್ನನ್ನೋ ಬೊಟ್ಟನ್ನೋ, ಇವತ್ತಿಗೂ ನಂಗೆ ಗೊತ್ತಿಲ್ಲ."

ಇಂಥ ಮಾವನಿಗೆ ಒಂದು ದಿನ ಕಂಪ್ಯೂಟರ್ ಬೇಕಾಯಿತು.

ಕಾರಣ ತೂಕ ಮತ್ತು ಅಳತೆಯ ಕಚೇರಿ. ತಕ್ಕಡಿ ರಿಪೇರಿ ಮಾಡುವವರು ಆಗಾಗ ಅಲ್ಲಿಂದ ಪರವಾನಗಿ ಪಡೆಯಬೇಕು. ಇನ್ನು ಮುಂದೆ ಕಾಗದದ ಅರ್ಜಿ ತೆಗೆದುಕೊಳ್ಳುವುದಿಲ್ಲ, ಎಲ್ಲವೂ ಕಂಪ್ಯೂಟರಿನಲ್ಲೇ ಎಂದು ಕಚೇರಿಯವರು ಬಾಗಿಲಿಗೆ ಬೋರ್ಡು ಹಾಕಿದರು. ನಾನು ಬಣ್ಣದ ಅಂಗಡಿಯಲ್ಲಿ ಬಿಲ್ ಹಾಕುವವಳು, ದಿನವಿಡೀ ಕಂಪ್ಯೂಟರ್ ಮುಂದೆಯೇ ಕೂತಿರುತ್ತೇನೆ. "ಕೊಡಿ ಮಾವ, ನಮ್ಮಂಗಡೀಲೇ ತುಂಬಿ ಕಳಿಸ್ತೀನಿ," ಅಂದೆ.

"ನನ್ನ ಅರ್ಜಿ ಬಣ್ಣದ ಅಂಗಡೀಲಿ ಯಾಕೆ ಹುಟ್ಬೇಕು?" ಅಂದರು ಮಾವ. "ನಮ್ಮನೇಲೇ ಒಂದು ಇರ್ಲಿ. ಅಗ್ಗದ್ದು. ದಿನದ ಬಳಕೆಗೆ ಆದ್ರೆ ಸಾಕು."

ಅತ್ತೆಗೂ ಅದು ಬೇಕಾಗಿತ್ತು. ಅವರ ತಂಗಿ ಬಹಳ ದೂರದ ಊರಿನಲ್ಲಿದ್ದಾರೆ, ಫೋನಿಗೆ ಫೋಟೋ ಕಳಿಸುತ್ತಿರುತ್ತಾರೆ. "ಈ ಫೋನಲ್ಲಿ ನನ್ನ ತಂಗಿ ಮುಖ ಗುಂಡುಸೂಜಿ ತಲೆಯಷ್ಟು ಕಾಣುತ್ತೆ. ನಗ್ತಿದ್ದಾಳೋ ಸೀನ್ತಿದ್ದಾಳೋ ಗೊತ್ತಾಗಲ್ಲ," ಅಂದರು. ಹೀಗೆ ಮನೆಯಲ್ಲಿ ಅಪರೂಪಕ್ಕೆ ಒಮ್ಮತವಾಯಿತು. ಆಯ್ಕೆಯ ಹೊಣೆ ನನ್ನ ಹೆಗಲೇರಿತು, ಅಥವಾ ಹಾಗೆಂದು ನಾನು ತಿಳಿದುಕೊಂಡೆ.

ನನ್ನ ಲೆಕ್ಕ ಸರಳವಾಗಿತ್ತು. ಅರ್ಜಿ ತುಂಬುವುದು, ಫೋಟೋ ನೋಡುವುದು, ತಂಗಿಯ ಜೊತೆ ಮಾತಾಡುವುದು, ಇಷ್ಟಕ್ಕೆ ಹೊಸದೇ ಬೇಕಿಲ್ಲ. ಯಾವುದೋ ಆಫೀಸಿನವರು ಬಳಸಿ ಬಿಟ್ಟ ಗಟ್ಟಿ ಡೆಸ್ಕ್‌ಟಾಪ್ ಸಾಕು. ಎಂಟು ಜಿಬಿ ಮೆಮೊರಿ ಇರಬೇಕು, ಹಳೆಯ ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿ ಇರಬೇಕು, ಜೊತೆಗೊಂದು ತೆಳು ಮಾನಿಟರ್. ಇದನ್ನು ನಾನು ಮಾವನಿಗೆ ಟೀ ಕುಡಿಯುತ್ತಾ ವಿವರಿಸಿದೆ. ಅವರು ಲೋಟ ಕೆಳಗಿಟ್ಟು, "ತೂಕ ಎಷ್ಟಿರ್ಬೇಕು?" ಅಂದರು.

"ಕಂಪ್ಯೂಟರಿಗೆ ತೂಕ ನೋಡಲ್ಲ ಮಾವ."

"ಅದಕ್ಕೇ ಎಲ್ರೂ ಮೋಸ ಹೋಗ್ತಿರೋದು," ಅಂದರು.

ಮೊದಲು ಹೋಗಿದ್ದು ಮುಖ್ಯರಸ್ತೆಯ, ಗಾಜಿನ ಗೋಡೆಯ ದೊಡ್ಡ ಕಂಪ್ಯೂಟರ್ ಅಂಗಡಿಗೆ. ಹೊಸದರ ಬೆಲೆಯನ್ನೂ ನೋಡಿಕೊಂಡು ಬರೋಣ ಎಂದು ನಾನೇ ಕರೆದುಕೊಂಡು ಹೋದೆ. ಅಲ್ಲಿಯ ಮಾರಾಟದ ಹುಡುಗಿ ತಾಳ್ಮೆಯವಳು. ಏನೇನು ಕೆಲಸಕ್ಕೆ ಬೇಕು, ಜಾಗ ಎಷ್ಟಿದೆ ಎಂದೆಲ್ಲ ಕೇಳಿ, ಕೊನೆಗೆ ಮೇಜಿನ ಮೇಲಿದ್ದ ಒಂದು ಕಪ್ಪು ಡಬ್ಬಿಯನ್ನು ತೋರಿಸಿದಳು. ಅದು ಸೋಪಿನ ಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು.

"ಇದರಲ್ಲಿ ಏನಿದೆ?" ಅಂದರು ಮಾವ.

"ಇದೇ ಕಂಪ್ಯೂಟರ್ ಅಂಕಲ್. ಪೂರ್ತಿ."

ಮಾವ ತಮ್ಮ ಕೈಚೀಲಕ್ಕೆ ಕೈ ಹಾಕಿದಾಗಲೇ ನನಗೆ ಗೊತ್ತಾಯಿತು. ಅಂದುಕೊಂಡ ಹಾಗೇ ಅವರು ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಹೊರಗೆ ತೆಗೆದರು. ಡಬ್ಬಿಯನ್ನು ಬಟ್ಟೆಯ ಚೀಲದಲ್ಲಿ ಹಾಕಿ ಕೊಕ್ಕೆಗೆ ನೇತುಹಾಕಿ, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದರು. ಅಂಗಡಿಯ ಕಾವಲುಗಾರ ಎರಡು ಹೆಜ್ಜೆ ಮುಂದೆ ಬಂದು, ತಾನೂ ಬಗ್ಗಿ ಮುಳ್ಳು ನೋಡಿದ.

"ನನ್ನ ಟಿಫಿನ್ ಡಬ್ಬಿಗಿಂತ ಹಗುರ," ಅಂದರು ಮಾವ. "ಊಟ ಹಾಕದೇ ಇರೋ ಟಿಫಿನ್ ಡಬ್ಬಿ. ಇನ್ನು ಆ ಕಡೆ ಇರೋ ದೊಡ್ಡದು?"

"ಅದು ಇದಕ್ಕಿಂತ ಕಡಿಮೆ ಬೆಲೆ ಅಂಕಲ್."

ಮಾವ ಆ ಹುಡುಗಿಯ ಕಡೆ ತಿರುಗಿದರು. "ಜಾಸ್ತಿ ಕೊಟ್ಟು ಕಡಿಮೆ ದುಡ್ಡು ತಗೋತೀರಿ. ಕಡಿಮೆ ಕೊಟ್ಟು ಜಾಸ್ತಿ ದುಡ್ಡು ತಗೋತೀರಿ. ಇದು ನಿಮ್ಮ ಮಾಲೀಕರಿಗೆ ಗೊತ್ತಾ ಮಗಾ?"

ಹುಡುಗಿ ಪಾಪ ಮೆಮೊರಿ, ವೇಗ, ವಾರಂಟಿ ಎಲ್ಲ ಹೇಳಿದಳು. ಎಂಟು ಜಿಬಿ ಮೆಮೊರಿ ಎಷ್ಟು ತೂಗುತ್ತದೆ ಎಂದು ಮಾವ ಕೇಳಿದಾಗ ಅವಳು ಬೆಲೆಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ಹುಡುಕಿದಳು. ಹೊರಗೆ ಬಂದ ಮೇಲೆ ಮಾವ, "ಒಳ್ಳೇ ಹುಡುಗಿ. ಅವಳ ಕೈಲಿ ಗಾಳಿ ಮಾರಿಸ್ತಿದ್ದಾರೆ," ಎಂದು ಮರುಗಿದರು.

ಮರುದಿನ ಹೋಗಿದ್ದು ನನ್ನ ಗುರುತಿನ ಹಳೇ ಕಂಪ್ಯೂಟರ್ ಅಂಗಡಿಗೆ. ನೆಲಮಾಳಿಗೆಯಲ್ಲಿರುವ ಒಂದೇ ಕೋಣೆ. ಡೆಸ್ಕ್‌ಟಾಪ್ ಪೆಟ್ಟಿಗೆಗಳನ್ನು ಇಟ್ಟಿಗೆ ಪೇರಿಸಿದ ಹಾಗೆ ಸೂರಿನವರೆಗೆ ಪೇರಿಸಿ, ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನಡೆಯುವಷ್ಟು ದಾರಿ ಬಿಟ್ಟಿದ್ದಾರೆ. ಅಂಗಡಿಯವನನ್ನು ಎಲ್ಲರೂ ಸ್ಕ್ರೂ ಅನ್ನುತ್ತಾರೆ. ಯಾವಾಗಲೂ ಬಾಯಲ್ಲಿ ನಾಲ್ಕಾರು ಸ್ಕ್ರೂ ಕಚ್ಚಿಕೊಂಡೇ ಮಾತಾಡುವುದರಿಂದ ಆ ಹೆಸರು. ನಾನು ನನ್ನ ಲೆಕ್ಕ ಹೇಳಿದೆ. ಸ್ಕ್ರೂ ತಲೆಯಾಡಿಸಿ ಮೂರು ಪೆಟ್ಟಿಗೆ ಕೆಳಗಿಳಿಸಿದ. ಮೂರೂ ಒಳ್ಳೆಯವೇ, ಮೂರಕ್ಕೂ ಎಸ್‌ಎಸ್‌ಡಿ ಹಾಕಿದ್ದ. ಯಾವುದಾದರೂ ಆದೀತು ಎಂದು ನಾನು ನಿರಾಳವಾದೆ.

ಮಾವ ಕೊಕ್ಕೆ ತೆಗೆದರು.

ಗಾಜಿನಂಗಡಿಯ ಹುಡುಗಿಯ ಹಾಗೆ ಸ್ಕ್ರೂ ಗಾಬರಿಯಾಗಲಿಲ್ಲ. ಅವನು ವ್ಯಾಪಾರಿ. ಬಾಯಿಂದ ಸ್ಕ್ರೂಗಳನ್ನು ಅಂಗೈಗೆ ಉಗುಳಿಕೊಂಡು, "ಯಜಮಾನ್ರೇ, ನಿಮಗೆ ತೂಕದಲ್ಲಿ ನಂಬಿಕೆನಾ? ಹಾಗಾದ್ರೆ ಕೆಜಿ ಲೆಕ್ಕದಲ್ಲೇ ಕೊಡ್ತೀನಿ," ಅಂದ.

ಮಾವನ ಮುಖ ಅರಳಿತು. ಕಂಪ್ಯೂಟರ್ ಲೋಕದಲ್ಲಿ ಅವರಿಗೆ ಸಿಕ್ಕ ಮೊದಲ ಪ್ರಾಮಾಣಿಕ ಮನುಷ್ಯ ಅವನು.

ಆಮೇಲೆ ನಡೆದದ್ದನ್ನು ವ್ಯಾಪಾರ ಅನ್ನಬೇಕೋ ಬೇರೆ ಏನಾದರೂ ಅನ್ನಬೇಕೋ ನನಗೆ ಗೊತ್ತಿಲ್ಲ. ಸಾಮಾನ್ಯವಾಗಿ ಕೊಳ್ಳುವವರು ಬೆಲೆ ಇಳಿಸಲು ನೋಡುತ್ತಾರೆ. ಮಾವ ತೂಕ ಏರಿಸಲು ನೋಡುತ್ತಿದ್ದರು, ತೂಕ ಏರಿದ ಹಾಗೆ ಬೆಲೆಯೂ ಏರುತ್ತಿತ್ತು, ಇಬ್ಬರಿಗೂ ಖುಷಿಯಾಗುತ್ತಿತ್ತು. ಅತಿ ಭಾರದ ಪೆಟ್ಟಿಗೆ ಯಾವುದೆಂದು ತೀರ್ಮಾನವಾದ ಮೇಲೆ ಮಾವನಿಗೆ ಸಂಶಯ ಬಂತು.

"ಒಳಗೆ ಧೂಳು ಎಷ್ಟಿದೆ?"

"ಧೂಳಿಗೆ ದುಡ್ಡು ಬೇಡ ಯಜಮಾನ್ರೇ, ಅದು ನನ್ನ ಕಡೆಯಿಂದ."

"ಧೂಳು ಸಮೇತ ತೂಗೋದು ಧರ್ಮ ಅಲ್ಲ. ತೆಗೀರಿ."

ಸ್ಕ್ರೂ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ, ಗಾಳಿ ಊದುವ ಯಂತ್ರ ಹಿಡಿದ. ಯಾವ ಆಫೀಸಿನದೋ ಏನೋ, ವರ್ಷಗಳ ಧೂಳು ಎದ್ದು ನಾವು ಮೂವರೂ ಸೀನಿದೆವು. ಧೂಳು ಅಡಗಿದ ಮೇಲೆ ಮಾವ ಬಗ್ಗಿ ಒಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಒಂದು ಹಸಿರು ಹಲಗೆ, ಒಂದು ಫ್ಯಾನು, ನಾಲ್ಕು ವೈರು. ಮಿಕ್ಕದ್ದೆಲ್ಲ ಖಾಲಿ.

"ಉಳಿದದ್ದೆಲ್ಲಿ?" ಅಂದರು.

"ಅಷ್ಟೇ ಇರೋದು ಯಜಮಾನ್ರೇ. ಬಿಸಿ ಆಗ್ಬಾರ್ದು ಅಂತ ಗಾಳಿಗೆ ಜಾಗ ಬಿಟ್ಟಿರ್ತಾರೆ."

ಮಾವನ ಮುಖ ಎಷ್ಟು ಸಪ್ಪಗಾಯಿತೆಂದರೆ ಸ್ಕ್ರೂಗೇ ಕೆಡುಕೆನಿಸಿತು. ಅವನು ಒಂದು ಹಳೆಯ ಪವರ್ ಸಪ್ಲೈ ತಂದು, "ಇದು ಕೆಲಸ ಮಾಡಲ್ಲ, ಆದ್ರೂ ನಿಮ್ಮ ಸಮಾಧಾನಕ್ಕೆ ಒಳಗಿಟ್ಟು ಕೊಡ್ಲಾ?" ಎಂದು ಕೇಳಿದ. ಮಾವ ಬೇಡವೆಂದು ಕೈಯಾಡಿಸಿದರು. ಅವರಿಗೆ ಬೇಕಾಗಿದ್ದು ತೂಕ, ಸಮಾಧಾನವಲ್ಲ.

ಆಗಲೇ ಅವರ ಕಣ್ಣು ಸ್ಕ್ರೂ ಕೂತಿದ್ದ ಆಸನದ ಮೇಲೆ ಬಿತ್ತು. ಅದು ಹಳೆಯ ಕಾಲದ ಗಾಜಿನ ಕೊಳವೆಯ ಮಾನಿಟರ್. ಮುಖ ಗೋಡೆಗೆ, ಬೆನ್ನು ಬಾಗಿಲಿಗೆ. ಮೇಲೊಂದು ಮಡಿಸಿದ ಗೋಣಿಚೀಲ.

"ಏಳಿ," ಅಂದರು ಮಾವ.

"ಮಾವ, ಬೇಡ," ಅಂದೆ ನಾನು. "ಅದನ್ನ ಯಾರೂ ಬಳಸಲ್ಲ ಈಗ. ಕರೆಂಟು ತಿನ್ನುತ್ತೆ, ಕಣ್ಣು ನೋಯುತ್ತೆ, ಈಗಿನ ಪುಟಗಳು ಅದರಲ್ಲಿ ಸರಿಯಾಗಿ ಕೂರಲ್ಲ. ಆ ತೆಳು ಮಾನಿಟರ್ ನೋಡಿ, ಎಷ್ಟು ಚೆನ್ನಾಗಿದೆ."

"ಅದು ತಟ್ಟೆ. ಅದರಲ್ಲಿ ಟೀ ಲೋಟ ಇಟ್ಕೊಂಡು ಬರಬಹುದು," ಅಂದರು ಮಾವ, ತಿರುಗಿಯೂ ನೋಡದೆ.

ಸ್ಕ್ರೂ ಮೊದಲ ಸಲ ವ್ಯಾಪಾರಕ್ಕೆ ಹಿಂಜರಿದ. "ಯಜಮಾನ್ರೇ, ನಿಜ ಹೇಳ್ತೀನಿ, ಅದು ಮಾರೋದಕ್ಕಲ್ಲ. ನಾನು ಕೂತ್ಕೊಳ್ಳೋಕೆ ಇಟ್ಕೊಂಡಿರೋದು."

ಕೊಕ್ಕೆಯ ತಕ್ಕಡಿಗೆ ಅದು ಮೀರಿದ ತೂಕ. ಮಾವ ಅದನ್ನು ತಬ್ಬಿ ಹಿಡಿದು ಎತ್ತಿ, ಕಣ್ಣು ಮುಚ್ಚಿ ಒಂದು ಕ್ಷಣ ನಿಂತರು. ಅವರು ಮಕ್ಕಳನ್ನು ಎತ್ತಿಕೊಂಡಾಗಲೂ ನಾನು ಆ ಮುಖ ನೋಡಿಲ್ಲ. "ಇದ್ರಲ್ಲಿ ಏನೋ ಇದೆ," ಅಂದರು.

ಕೊನೆಗೆ ಬದಲಿಗೆ ಬದಲು ಎಂದು ತೀರ್ಮಾನವಾಯಿತು. ಸ್ಕ್ರೂಗೆ ಕೂರಲು ಮಾವ ತಮ್ಮಲ್ಲಿದ್ದ ಒಂದು ನೆಲದ ತಕ್ಕಡಿ ಕೊಡುವುದು, ಸ್ಕ್ರೂ ಮಾನಿಟರ್ ಬಿಟ್ಟುಕೊಡುವುದು. ಸಂಜೆ ಕೈಗಾಡಿಯಲ್ಲಿ ಎರಡೂ ಸರಕು ಅದಲುಬದಲಾದವು, ತೂಗಿ ಕೊಂಡ ಪೆಟ್ಟಿಗೆಯೂ ಜೊತೆಗೇ ಬಂತು. ಗಾಡಿಯವನು ಮಾನಿಟರನ್ನು ಇಳಿಸುವಾಗ, "ಇದು ತಿಜೋರಿನಾ?" ಎಂದು ಕೇಳಿದ. ಮಾವ ಇಲ್ಲವೆನ್ನಲಿಲ್ಲ.

ಮನೆಯಲ್ಲಿದ್ದ ಮೇಜು ಆ ಮಾನಿಟರಿನ ಕೆಳಗೆ ಕಿರ್ ಎಂದು ಒಂದು ಕಡೆ ವಾಲಿತು. ಹಾಗಾಗಿ ಮಾವ ಕೋಣೆಯ ಮೂಲೆಯಲ್ಲಿದ್ದ ಇನ್ನೊಂದು ದೊಡ್ಡ ತಕ್ಕಡಿಯ ಮೇಲೆ ಹಲಗೆ ಹಾಕಿ ಅಲ್ಲೇ ಕಂಪ್ಯೂಟರ್ ಕೂರಿಸಿದರು. ಈಗ ಅದರ ಒಟ್ಟು ತೂಕ ಯಾವಾಗ ಬೇಕಾದರೂ ಮುಳ್ಳಿನಲ್ಲಿ ಕಾಣುತ್ತಿತ್ತು. ಮರುದಿನ ಬೆಳಿಗ್ಗೆ ನಾನು ಅತ್ತೆಯ ತಂಗಿಯ ಫೋಟೋಗಳನ್ನೆಲ್ಲ ಫೋನಿನಿಂದ ಕಂಪ್ಯೂಟರಿಗೆ ಹಾಕುತ್ತಿದ್ದಾಗ ಮಾವ ನೆಲದ ಮೇಲೆ ಕೂತು ಮುಳ್ಳನ್ನೇ ನೋಡುತ್ತಿದ್ದರು.

"ಎಲ್ಲಾ ಹಾಕಿದ್ಯಾ?"

"ಹಾಕಿದೆ ಮಾವ."

"ಒಂದು ಕೂದಲೆಳೆಯಷ್ಟೂ ಏರ್ಲಿಲ್ಲ." ಅವರು ಅತ್ತೆಯ ಕಡೆ ತಿರುಗಿದರು. "ನಿನ್ನ ತಂಗಿ ಏನೂ ಕಳಿಸಿಲ್ಲ ಕಣೇ."

ಮಾನಿಟರಿಗೆ ಒಂದು ಐಬಿತ್ತು. ಪರದೆಯ ಎಡಭಾಗ, ಸುಮಾರು ನಾಲ್ಕು ಬೆರಳಗಲ, ಗಾಜಿನ ಆಚೆಗೆ ಹೋಗಿಬಿಡುತ್ತಿತ್ತು. ಚಿತ್ರವನ್ನು ಬಲಕ್ಕೆ ಸರಿಸಲು ಒಂದು ಗುಂಡಿಯೇನೋ ಇತ್ತು. ಸ್ಕ್ರೂ ವರ್ಷಗಟ್ಟಲೆ ಅದರ ಮೇಲೆ ಭಾರ ಹಾಕಿ ಕೂತಿದ್ದರಿಂದ ಅದು ಒಳಗೆ ಹೂತುಹೋಗಿತ್ತು. ನಾನು ಸೆಟ್ಟಿಂಗಿನಲ್ಲಿ ಏನೇನೋ ತಿರುಚಿ ನೋಡಿದೆ, ಆಗಲಿಲ್ಲ. "ಇದನ್ನ ವಾಪಸ್ ಕೊಡೋಣ," ಅಂದೆ. "ಬಲಗಡೆ ಅಷ್ಟೊಂದು ಕಾಣ್ತಿಲ್ವಾ? ಅದನ್ನ ನೋಡಿದ್ರೆ ಸಾಕು," ಅಂದರು ಮಾವ. ನಾನು ಅಂಗಡಿಗೆ ಹೊತ್ತಾಯಿತೆಂದು ಹೊರಟೆ.

ಆ ಮಧ್ಯಾಹ್ನ ಇಬ್ಬರೇ ಕೂತು ಅರ್ಜಿ ತುಂಬಿದರು. ಅತ್ತೆ ಒತ್ತುವುದು, ಮಾವ ಹೇಳುವುದು. ಕಚೇರಿಯ ಪುಟದಲ್ಲಿ ಮೊದಲು ಎರಡು ಬಾಗಿಲುಗಳಿದ್ದವು. ರಿಪೇರಿ ಮಾಡುವವರಿಗೆ ಎಡಗಡೆಯದು, ತಕ್ಕಡಿಯನ್ನು ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸುವವರಿಗೆ ಬಲಗಡೆಯದು. ಇವರಿಗೆ ಬಲಗಡೆಯದೊಂದೇ ಕಂಡಿತು, ಅದನ್ನೇ ಒತ್ತಿದರು. ಒಳಗೆ 'ಸಾಧನದ ಹೆಸರು' ಎಂದಿದ್ದದ್ದು ಇವರಿಗೆ ಬರೀ 'ಹೆಸರು' ಎಂದು ಕಾಣಿಸಿತು. ಮಾವನ ಹೆಸರು ಬರೆದರು. 'ತಯಾರಾದ ವರ್ಷ' ಎಂಬಲ್ಲಿ 'ವರ್ಷ' ಮಾತ್ರ ಉಳಿದಿತ್ತು. ಹುಟ್ಟಿದ ವರ್ಷ ಬರೆದರು. 'ಗರಿಷ್ಠ ತೂಕ' ಎಂಬುದರಲ್ಲಿ 'ತೂಕ'. ಮಾವ ಎದ್ದು ಹೋಗಿ ತಕ್ಕಡಿಯ ಮೇಲೆ ನಿಂತು, ಬಂದು ಹೇಳಿದರು. ಇಂಥ ಅಚ್ಚುಕಟ್ಟಾದ ಕಚೇರಿ ಇನ್ನೊಂದಿಲ್ಲ, ಮನುಷ್ಯನನ್ನು ತೂಗಿಯೇ ಪರವಾನಗಿ ಕೊಡುತ್ತದೆ ಎಂದು ಅವರಿಗೆ ಗೌರವ ಹೆಚ್ಚಾಯಿತು. 'ಸಾಧನದ ಈಗಿನ ಸ್ಥಿತಿ' ಎಂಬಲ್ಲಿ 'ಮಂಡಿ ನೋವು ಬಿಟ್ಟರೆ ಚೆನ್ನಾಗಿದೆ' ಎಂದು ಬರೆದರು. 'ಸಾಧನ ಯಾರ ವಶದಲ್ಲಿದೆ' ಎಂಬುದು 'ಯಾರ ವಶದಲ್ಲಿದೆ' ಎಂದಷ್ಟೇ ಕಂಡಾಗ ಮಾವನಿಗೆ ಸ್ವಲ್ಪ ಗೊಂದಲವಾಯಿತಂತೆ. ಅತ್ತೆಗೆ ಆಗಲಿಲ್ಲ. ಅವರು ಯಾರನ್ನೂ ಕೇಳದೆ 'ಹೆಂಡತಿಯ' ಎಂದು ಒತ್ತಿ, ಅರ್ಜಿ ಕಳಿಸಿಬಿಟ್ಟರು.

ಕೆಲವು ವಾರಗಳಾದ ಮೇಲೆ, ಒಂದು ಭಾನುವಾರ ನಾನು ಅಲ್ಲಿದ್ದಾಗಲೇ, ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತರು. ನರೆತ ಕೂದಲು, ಕುತ್ತಿಗೆಯಲ್ಲಿ ಕಚೇರಿಯ ಗುರುತಿನ ಚೀಟಿ, ಕೈಯಲ್ಲಿ ಹಿತ್ತಾಳೆ ಬೊಟ್ಟುಗಳ ಮರದ ಪೆಟ್ಟಿಗೆ. ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರ್. ವಾರದ ದಿನ ಜನ ಸಿಗುವುದಿಲ್ಲವೆಂದು ರಜೆಯಲ್ಲೂ ಕೆಲಸ ಮಾಡುವವರು. ಅವರು ಮಾವನ ಹೆಸರು ಓದಿ, "ಈ ಸಾಧನ ಎಲ್ಲಿದೆ?" ಎಂದು ಕೇಳಿದರು.

ಸಾಧನ ಅಂದದ್ದು ಅತ್ತೆಯ ಕಿವಿಗೆ ಬೀಳಲಿಲ್ಲ. "ಸ್ನಾನ ಮಾಡ್ತಿದ್ದಾರೆ," ಅಂದರು.

"ನೀರಿನಿಂದ ದೂರ ಇಡ್ಬೇಕಮ್ಮ," ಅಂದರು ಇನ್‌ಸ್ಪೆಕ್ಟರ್. "ತುಕ್ಕು ಹಿಡಿಯುತ್ತೆ."

ಮಾವ ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಇನ್‌ಸ್ಪೆಕ್ಟರ್ ಅರ್ಜಿಯನ್ನು ಗಟ್ಟಿಯಾಗಿ ಓದಿದರು: ಹಳೆಯ ತಕ್ಕಡಿ, ಒಮ್ಮೆಯೂ ಪರೀಕ್ಷೆಯಾಗಿಲ್ಲ, ಮಂಡಿ ನೋವಿದೆ, ಹೆಂಡತಿಯ ವಶದಲ್ಲಿದೆ. ಓದುತ್ತಾ ಹೋದ ಹಾಗೆ ನನಗೆ ಎಲ್ಲ ಅರ್ಥವಾಯಿತು. ನಾನು ಪರದೆಯ ಎಡಭಾಗವನ್ನು ತೋರಿಸಿ, ಏನೇನಾಗಿದೆ ಎಂದು ವಿವರಿಸಿ, ಕ್ಷಮೆ ಕೇಳಿದೆ. ಅವರು ಗಮನವಿಟ್ಟು ಕೇಳಿದರು. ನಗಲಿಲ್ಲ, ಸಿಟ್ಟೂ ಮಾಡಲಿಲ್ಲ.

"ಗೊತ್ತಾಯ್ತು. ಆದ್ರೆ ಅರ್ಜಿ ದಾಖಲಾಗಿದೆ," ಅಂದರು.

"ರದ್ದು ಮಾಡಬಹುದಲ್ಲ ಮೇಡಂ?"

"ಮಾಡಬಹುದು. ರದ್ದು ಮಾಡೋಕೆ ಮೂರೇ ಕಾರಣ ಇದೆ. ಸಾಧನ ಗುಜರಿಗೆ ಹೋಗಿರ್ಬೇಕು, ಇಲ್ಲಾ ನಾವು ಜಪ್ತಿ ಮಾಡಿರ್ಬೇಕು, ಇಲ್ಲಾ ಬೇರೆಯವರಿಗೆ ಮಾರಿರ್ಬೇಕು." ಅವರು ಅತ್ತೆಯ ಕಡೆ ನೋಡಿದರು, ವಶದಲ್ಲಿಟ್ಟುಕೊಂಡವರು ಅತ್ತೆ ತಾನೇ. ಅತ್ತೆ ನಿಜವಾಗಿಯೂ ಒಂದು ಕ್ಷಣ ಯೋಚಿಸಿದ ಹಾಗೆ ನನಗೆ ಕಂಡಿತು.

"ಯಾರು ತಗೋತಾರೆ ಮೇಡಂ," ಅಂದರು.

ಆಗ ಮಾವ ಮುಂದೆ ಬಂದರು. ಅವರ ಮುಖದಲ್ಲಿ ಅವಮಾನವಿರಲಿಲ್ಲ, ಒಂದು ಥರದ ಗಾಂಭೀರ್ಯವಿತ್ತು. ಇಡೀ ಆಯುಷ್ಯ ಬೇರೆಯವರ ತಕ್ಕಡಿಗಳನ್ನು ಪರೀಕ್ಷೆಗೆ ನಿಲ್ಲಿಸಿದವರು ಅವರು. "ನಿಯಮ ಅಂದ್ಮೇಲೆ ನಿಯಮ. ಪರೀಕ್ಷೆ ಮಾಡಿ," ಅಂದರು.

ಇನ್‌ಸ್ಪೆಕ್ಟರ್ ಮರದ ಪೆಟ್ಟಿಗೆ ತೆರೆದರು. ಮಾವ ಕೋಣೆಯ ನಡುವೆ ಕಣ್ಣು ಮುಚ್ಚಿ, ಎರಡೂ ಅಂಗೈ ಚಾಚಿ ನಿಂತರು. ಅತ್ತೆ ಒಲೆ ಆರಿಸಿ ಬಂದು ಬಾಗಿಲಿಗೊರಗಿದರು. ಇನ್‌ಸ್ಪೆಕ್ಟರ್ ಬಲಗೈ ಮೇಲೆ ಒಂದು ಬೊಟ್ಟು ಇಟ್ಟರು.

"ಅರ್ಧ ಕೆಜಿ."

"ಸರಿ."

ಅದನ್ನು ತೆಗೆದು ಇನ್ನೊಂದಿಟ್ಟರು.

"ಇನ್ನೂರು ಗ್ರಾಂ. ನಿಮ್ಮ ಬೊಟ್ಟು ಸ್ವಲ್ಪ ಸವೆದಿದೆ."

"ಸರಿ," ಅಂದರು ಇನ್‌ಸ್ಪೆಕ್ಟರ್, ಬೊಟ್ಟನ್ನು ತಿರುಗಿಸಿ ನೋಡಿ. ಆಮೇಲೆ ಎರಡೂ ಕೈಗೆ ಒಂದೇ ತೂಕದ ಎರಡು ಬೊಟ್ಟುಗಳನ್ನಿಟ್ಟರು. "ಯಾವುದು ಜಾಸ್ತಿ?"

ಮಾವ ತಡಮಾಡಿದರು. "ಎಡಗಡೆದು."

"ಎರಡೂ ಒಂದೇ."

ಮಾವ ಕಣ್ಣು ತೆರೆದು ತಮ್ಮ ಎಡಗೈಯನ್ನು ನೋಡಿಕೊಂಡರು. ಎಷ್ಟು ವರ್ಷ ಆ ಕೈಯಲ್ಲಿ ಆಲೂಗಡ್ಡೆ ತೂಗಿ ತಂದಿದ್ದರೋ, ಎಷ್ಟು ವ್ಯಾಪಾರಿಗಳ ಜೊತೆ ಆ ಕೈ ನಂಬಿ ಜಗಳ ಕಾದಿದ್ದರೋ, ಅದೆಲ್ಲ ಅವರ ಮುಖದ ಮೇಲೆ ಒಂದೊಂದಾಗಿ ಹಾದುಹೋಯಿತು. ನನಗೆ ನಗು ಬರಲಿಲ್ಲ. ಬರಬೇಕಾಗಿತ್ತು, ಬರಲಿಲ್ಲ.

"ದೋಷ ಇದ್ರೆ ಸೀಲ್ ಮಾಡ್ಬೇಕಾಗುತ್ತೆ," ಅಂದರು ಇನ್‌ಸ್ಪೆಕ್ಟರ್, ಮೆತ್ತಗೆ.

"ರೀ," ಅಂದರು ಅತ್ತೆ ಬಾಗಿಲಿಂದ. "ಗಡಿಯಾರ ಬಿಚ್ಚಿ."

ಮಾವ ಸ್ನಾನ ಮುಗಿಸಿ ಬಂದವರೇ ಅಭ್ಯಾಸದಂತೆ ಎಡಗೈಗೆ ಗಡಿಯಾರ ಕಟ್ಟಿಕೊಂಡಿದ್ದರು. ಸ್ಟೀಲ್ ಪಟ್ಟಿಯ ಹಳೇ ಗಡಿಯಾರ, ಅದನ್ನೂ ಭಾರ ನೋಡಿಯೇ ತಂದಿದ್ದು. ಬಿಚ್ಚಿ ಅತ್ತೆಯ ಕೈಗೆ ಕೊಟ್ಟರು. ಇನ್‌ಸ್ಪೆಕ್ಟರ್ ಮತ್ತೆ ಬೊಟ್ಟುಗಳನ್ನಿಟ್ಟರು. ಮಾವ ಈ ಸಲ ಬಹಳ ಹೊತ್ತು ನಿಂತರು.

"ಸಮ," ಅಂದರು.

ಮುದ್ರೆಯ ಚೀಟಿಯನ್ನು ಸಾಧನದ ಮೇಲೆ ಎಲ್ಲರಿಗೂ ಕಾಣುವ ಕಡೆ ಅಂಟಿಸಬೇಕೆಂದು ನಿಯಮ. ಹಣೆಯಿಂದ ಶುರುವಾಗಿ ಸಾಕಷ್ಟು ಚರ್ಚೆಯಾಯಿತು. ಬೆನ್ನಿಗೆ ಬೇಡ, ನಿದ್ದೆಯಲ್ಲಿ ಹೊರಳಿದರೆ ಹರಿಯುತ್ತದೆ ಎಂದರು ಅತ್ತೆ. ಕೊನೆಗೆ ಬೆಲ್ಟಿನ ಕೊಂಡಿಯ ಮೇಲೆ ಅಂಟಿಸಿದರು. ಇನ್‌ಸ್ಪೆಕ್ಟರ್ ಟೀ ಕುಡಿದು, ಬೊಟ್ಟು ಸವೆದಿದ್ದನ್ನು ತಿಳಿಸಿದ್ದಕ್ಕೆ ವಂದನೆ ಹೇಳಿ ಹೋದರು.

ಸುದ್ದಿ ಪೇಟೆಗೆ ಹರಡಲು ಎಷ್ಟು ಹೊತ್ತು ಬೇಕು? ಸರ್ಕಾರದ ಮುದ್ರೆ ಬಿದ್ದ ಮನುಷ್ಯ ಎಂದು ಜನ ಬರತೊಡಗಿದರು. ಈರುಳ್ಳಿಯವನಿಗೂ ಗಿರಾಕಿಗೂ ಜಗಳವಾದರೆ ಚೀಲದ ಸಮೇತ ಮಾವನ ಬಾಗಿಲಿಗೆ. ಮಾವ ಗಡಿಯಾರ ಬಿಚ್ಚಿಟ್ಟು, ಕಣ್ಣು ಮುಚ್ಚಿ, ತೀರ್ಪು ಕೊಡುತ್ತಿದ್ದರು. ಕೋಣೆಯ ತುಂಬ ತಕ್ಕಡಿಗಳಿದ್ದವು. ಒಬ್ಬನೂ ಅವುಗಳ ಮೇಲಿಡಿ ಎನ್ನಲಿಲ್ಲ.

ಗೌರವವೇನೋ ಸಿಕ್ಕಿತು, ಕೆಲಸ ನಿಂತಿತು. ರಿಪೇರಿಯ ಪರವಾನಗಿ ಇನ್ನೂ ಬಂದಿರಲಿಲ್ಲ. ನಾನು ಕಚೇರಿಗೆ ಫೋನ್ ಮಾಡಿದಾಗ, ಈ ಹೆಸರು ತಕ್ಕಡಿಗಳ ಸಾಲಿನಲ್ಲಿದೆ, ತಕ್ಕಡಿ ತಕ್ಕಡಿಯನ್ನು ರಿಪೇರಿ ಮಾಡುವುದಕ್ಕೆ ಅವಕಾಶವಿಲ್ಲ ಎಂದು ಯಾರೋ ಹೇಳಿದರು. ಆಮೇಲೆ ಆ ಇನ್‌ಸ್ಪೆಕ್ಟರೇ ಫೋನಿಗೆ ಬಂದು, "ತಂದೆಯ ಹೆಸರಿನ ಸಮೇತ ಹೊಸದಾಗಿ ಅರ್ಜಿ ಹಾಕಿ, ನಾನು ನೋಡ್ಕೋತೀನಿ," ಎಂದು ಹೇಳಿ, "ದಯವಿಟ್ಟು ಬೇರೆ ಮಾನಿಟರಲ್ಲಿ," ಎಂದು ಸೇರಿಸಿದರು.

ಇಲಾಖೆಯ ಮಾತು ಮಾವನಿಗೆ ವೇದವಾಕ್ಯ. ಮಾನಿಟರನ್ನು ಮತ್ತೆ ಕೈಗಾಡಿಗೇರಿಸಿ ಸ್ಕ್ರೂ ಹತ್ತಿರ ಹೋದೆವು. ಅವನ ಪರಿಸ್ಥಿತಿಯೂ ಚೆನ್ನಾಗಿರಲಿಲ್ಲ. ಕೂತಾಗಲೆಲ್ಲ ಕೆಳಗಿನ ಮುಳ್ಳು ಕಂಡು ಕಂಡು, ಊಟ ಅರ್ಧಕ್ಕಿಳಿಸಿ, ಕೆನ್ನೆ ಬತ್ತಿಸಿಕೊಂಡಿದ್ದ. ತನ್ನ ಹಳೇ ಆಸನವನ್ನು ಕಂಡು ಅವನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ತಕ್ಕಡಿ ವಾಪಸ್ ಕೊಟ್ಟು, ಮಾನಿಟರನ್ನು ಬಾಚಿಕೊಂಡು, ತೆಳು ಮಾನಿಟರ್ ಒಂದನ್ನು ಅಗ್ಗಕ್ಕೇ ಕೊಟ್ಟ. ಮಾವ ಅದನ್ನು ಎರಡು ಬೆರಳಲ್ಲಿ ಹಿಡಿದು ಮನೆಯವರೆಗೂ ಬಂದರು, ದಾರಿಯಲ್ಲಿ ಯಾರಾದರೂ ನೋಡಿದರೆ ಬೆನ್ನ ಹಿಂದೆ ಮರೆಮಾಡುತ್ತಾ.

ಹೊಸ ಪರದೆ ಹಚ್ಚಿದಾಗ ಅತ್ತೆ ಮೊದಲು ನೋಡಿದ್ದು ಫೋಟೋಗಳನ್ನು. ನೋಡಿದವರೇ, "ಅಯ್ಯೋ, ಇವಳ ಗಂಡನೂ ಇದ್ದಾರಲ್ಲ," ಅಂದರು. ತಂಗಿಯ ಗಂಡ ಪ್ರತಿ ಫೋಟೋದಲ್ಲೂ ಎಡಗಡೆ ನಿಲ್ಲುವವರು. ಅಷ್ಟು ದಿನ ಹಳೇ ಪರದೆಯಲ್ಲಿ ಅವರೊಬ್ಬರೇ ಯಾವ ಫೋಟೋದಲ್ಲೂ ಕಾಣದೆ, ಇಬ್ಬರೂ ಬೇರೆಯಾಗಿದ್ದಾರೆ, ತಂಗಿ ಸ್ವಾಭಿಮಾನಕ್ಕೆ ಬಾಯಿ ಬಿಡುತ್ತಿಲ್ಲ ಎಂದು ಅತ್ತೆ ತೀರ್ಮಾನಿಸಿದ್ದರಂತೆ. ಫೋನಿನಲ್ಲಿ ತಂಗಿಗೆ ಹೇಳಬಾರದ ಧೈರ್ಯವೆಲ್ಲ ಹೇಳಿದ್ದರಂತೆ. ಅಕ್ಕನಿಗೆ ಏನಾಗಿದೆಯೋ ಎಂದು ಆ ತಂಗಿ ಗಾಬರಿಯಾಗಿ, ಗಂಡನ ಜೊತೆಗಿನ ಫೋಟೋಗಳನ್ನೇ ಹೆಚ್ಚು ಹೆಚ್ಚು ಕಳಿಸುತ್ತಿದ್ದರು.

ಹೊಸ ಅರ್ಜಿ ನಾನೇ ಪಕ್ಕದಲ್ಲಿ ಕೂತು ತುಂಬಿಸಿದೆ. ಪರವಾನಗಿ ಬಂತು. ಮಾವ ಈಗ ದಾಖಲೆಯಲ್ಲಿ ರಿಪೇರಿಯವರೂ ಹೌದು, ತಕ್ಕಡಿಯೂ ಹೌದು. ಕಂಪ್ಯೂಟರ್ ಬಗ್ಗೆ ಅವರಿಗೆ ಈಗ ಅಂಥ ದೂರಿಲ್ಲ. ಟೈಪ್ ಮಾಡುವುದನ್ನೂ ಕಲಿತಿದ್ದಾರೆ. ಹಗುರಾಗಿ ಒತ್ತಿದ ಅಕ್ಷರ ನಿಲ್ಲುವುದಿಲ್ಲ ಎಂದು ಒಂದೊಂದನ್ನೂ ಹೆಬ್ಬೆರಳಿನಿಂದ ಅದುಮುತ್ತಾರೆ. ಕೀಬೋರ್ಡುಗಳು ಬಾಳುವುದಿಲ್ಲ. ಮೊನ್ನೆ ಅತ್ತೆ ಕಂಪ್ಯೂಟರಿನಿಂದ ನನಗೊಂದು ಸಂದೇಶ ಕಳಿಸಿದ್ದರು:

"ನಾಳೆ ಊಟಕ್ಕೆ ಬಾ. ಬರುವಾಗ ಒಂದು ಕೀಬೋರ್ಡ್ ಹಿಡಿದುಕೊಂಡು ಬಾ. ಇಲ್ಲಿ ಒಂದು ಅಕ್ಷರ ಮುರಿದು ಬಿದ್ದಿದೆ. ಯಾವುದು ಎಂದು ಬರೆಯಲು ಆಗುವುದಿಲ್ಲ. ಹಾಗಾಗಿ ನಾನು ಯಾರು ಎಂದೂ ಬರೆಯಲು ಆಗುವುದಿಲ್ಲ. ಇಂದಿಗೆ ಇಷ್ಟೇ, ನಿನ್ನ ಮಾವನ ಮನೆಯವಳು."